ಒಂದೇ ಮನೆಯ ಮೂವರು ಯೋಧರು
(ಶಿಕ್ಷಕರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಲೇಖರೂಪ)



ದೇಶದ ಇತಿಹಾಸವೆಂದರೆ ಅರಸರ ವಂಶಾವಳಿ, ಕಾಳಗಗಳ ತಿಥಿಗಳ ಪಟ್ಟಿ ಎಂದು ನಮ್ಮ ಪಾಠಶಾಲೆಗಳಲ್ಲಿ ಬಹುಕಾಲ ಕಲಿಸುತ್ತ ಬಂದೆವು. ಮಕ್ಕಳು ಆ ಪಟ್ಟಿಯನ್ನು ಬಾಯಿಪಾಠ ಮಾಡಿದರು. ಪರೀಕ್ಷೆ ಮುಗಿದೊಡನೆ ಮರೆತರು. ಮರೆಯದೆ ಏನು ಮಾಡಿಯಾರು? ಆ ಪಟ್ಟಿಯಲ್ಲಿ ಅವರ ಮನೆಯ ಹೆಸರು ಇರಲಿಲ್ಲ. ತನ್ನ ಅಜ್ಜನು ಯಾವ ಪಲ್ಟಣದಲ್ಲಿದ್ದನು, ಯಾವ ಸಮುದ್ರವನ್ನು ದಾಟಿ ಹೋದನು, ಏಕೆ ಹೋದನು, ಮರಳಿ ಬಂದಾಗ ಊರು ಅವನನ್ನು ಹೇಗೆ ಕಂಡಿತು, ಇವುಗಳನ್ನು ತಿಳಿದ ಬಾಲಕನಿಗೆ ಮಹಾಯುದ್ಧದ ಪಾಠವನ್ನು ಬೇರೆ ಹೇಳಬೇಕಾಗುವದಿಲ್ಲ. ಅವನು ಆ ಪಾಠವನ್ನು ತನ್ನ ಮನೆಯ ಪಡಸಾಲೆಯಲ್ಲಿಯೇ ಕಲಿತಿರುತ್ತಾನೆ.

ಆದುದರಿಂದ ನಾವು ಇಂದು ತಮ್ಮ ಮುಂದೆ ಸಾಮ್ರಾಜ್ಯಗಳ ಮಾತನ್ನು ತೆಗೆಯದೆ ಒಂದು ಮನೆಯ ಮಾತನ್ನು ತೆಗೆಯುತ್ತೇವೆ. ಅದು ಕೊಡಗಿನ ಕೊಡಂದೇರ ಮನೆತನ. ಆ ಮನೆತನದ ಸುಬ್ಬಯ್ಯ ಮತ್ತು ಸೀತಮ್ಮ ದಂಪತಿಗಳ ಮೂವರು ಗಂಡುಮಕ್ಕಳೂ ಸೈನ್ಯದ ಅಧಿಕಾರಿಗಳಾದರು. ಒಬ್ಬನು ಆಂಗ್ಲರ ಧ್ವಜದ ಕೆಳಗೆ ಜಪಾನಿಗಳೊಡನೆ ಕಾದಿದನು. ಒಬ್ಬನು ನೇತಾಜಿ ಸುಭಾಷಚಂದ್ರ ಬೋಸರ ಆಜಾದ್ ಹಿಂದ್ ಸೇನೆಯನ್ನು ಸೇರಿದನು. ಮತ್ತೊಬ್ಬನು ಸ್ವತಂತ್ರ ಭಾರತದ ಸೈನ್ಯದಲ್ಲಿ ಕಾಶ್ಮೀರದ ಮಣ್ಣಿನ ಮೇಲೆ ಪ್ರಾಣವನ್ನು ಒಪ್ಪಿಸಿದನು. ಒಂದೇ ತಾಯಿಯ ಮಕ್ಕಳು, ಮೂರು ದಾರಿಗಳು. ಇವುಗಳಲ್ಲಿ ದೇಶಭಕ್ತಿಯ ದಾರಿ ಯಾವುದು ಎಂಬುದು ಇಂದಿನ ನಮ್ಮ ಪ್ರಶ್ನೆ.

ಕೊಡಗಿನ ಹೊರಗಿನವರಿಗೆ ಅಲ್ಲಿಯ ಮನೆತನದ ಅರ್ಥವನ್ನು ಸ್ವಲ್ಪ ವಿವರಿಸಬೇಕು. ಕೊಡವರಲ್ಲಿ ಮನೆತನಕ್ಕೆ ಒಕ್ಕ ಎಂದು ಹೆಸರು. ಒಬ್ಬ ಮೂಲಪುರುಷನಿಂದ ಇಳಿದು ಬಂದವರೆಲ್ಲರೂ ಒಂದು ಒಕ್ಕ. ಅವರ ಹಿರಿಯ ಮನೆಗೆ ಐನ್‌ಮನೆ ಎನ್ನುವರು. ಮೂಲಪುರುಷನಾದ ಗುರುಕಾರೋಣನಿಗೆ ಕೈಮಡವೆಂಬ ಚಿಕ್ಕ ಗುಡಿಯಿರುವದು. ಅಲ್ಲಿ ಹಿರಿಯರಿಗೆ ಎಡೆ ಸಲ್ಲುವದು. ಒಕ್ಕದ ಹೆಸರು ಪ್ರತಿಯೊಬ್ಬನ ಹೆಸರಿಗೂ ಮುಂದೆ ನಿಲ್ಲುವದು. ಆಮೇಲೆ ತಂದೆಯ ಹೆಸರು, ಕೊನೆಗೆ ತನ್ನ ಹೆಸರು. ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ ಎಂಬಲ್ಲಿ ಮೊದಲು ಮನೆ, ನಡುವೆ ತಂದೆ, ಕಡೆಯಲ್ಲಿ ತಾನು. ಮನುಷ್ಯನು ತನ್ನ ಹೆಸರನ್ನು ಹೇಳುವಾಗಲೆಲ್ಲ ಮೊದಲು ಮನೆತನಕ್ಕೆ ವಂದನೆ ಸಲ್ಲಿಸಿದಂತಾಯಿತು.

ಈ ಜನರಿಗೂ ಆಯುಧಕ್ಕೂ ಇರುವ ನಂಟು ಹಳೆಯದು. ಗಂಡುಮಗು ಹುಟ್ಟಿದರೆ ಕೋವಿಯ ಒಂದು ಈಡು ಹಾರಿಸಿ ಊರಿಗೆ ತಿಳಿಸುವರು. ಹರಳುಗಿಡದ ಕಡ್ಡಿಯಿಂದ ಮಾಡಿದ ಪುಟ್ಟ ಬಿಲ್ಲುಬಾಣವನ್ನು ಶಿಶುವಿನ ಕೈಗೆ ಮುಟ್ಟಿಸುವರು. ನಾಟಿಯ ಕೆಲಸ ತೀರಿದ ಬಳಿಕ ಸಪ್ಟೆಂಬರ್ ಮೊದಲಿನಲ್ಲಿ ಬರುವ ಕೈಲ್ ಮುಹೂರ್ತದ ದಿವಸ ಕೋವಿ ಕತ್ತಿಗಳನ್ನು ತೊಳೆದು, ಹೂವಿಟ್ಟು ಪೂಜಿಸುವರು. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಆಂಗ್ಲರು ಕೊಡಗನ್ನು ತಮ್ಮ ವಶಕ್ಕೆ ತೆಗೆದುಕೊಂಡರು. ಆದರೂ 1861ರಲ್ಲಿ, ಭಾರತದ ಉಳಿದ ಜನರ ಕೈಯಿಂದ ಆಯುಧಗಳನ್ನು ಕಸಿಯುತ್ತಿದ್ದ ಕಾಲದಲ್ಲಿ, ಕೊಡವರಿಗೆ ಮಾತ್ರ ಆಯುಧದ ಕಾನೂನಿನಿಂದ ವಿನಾಯತಿ ಕೊಟ್ಟರು. ಇಂಥ ನೆಲದಲ್ಲಿ ಹುಟ್ಟಿದ ತರುಣರು ಸೈನ್ಯದ ಕಡೆಗೆ ಮನಸ್ಸು ಹಾಯಿಸಿದರೆ ಆಶ್ಚರ್ಯವೇನು?

ಆದರೆ ಆ ದಿನಗಳಲ್ಲಿ ಸೈನ್ಯವೆಂದರೆ ಪರಕೀಯರ ಸೈನ್ಯ. ಭಾರತೀಯನು ಎಷ್ಟೇ ಶೂರನಾಗಿದ್ದರೂ ಸುಬೇದಾರ ಮೇಜರನ ಪದವಿಯಿಂದ ಮೇಲಕ್ಕೆ ಏರುವಂತಿರಲಿಲ್ಲ. ನಿನ್ನೆ ಬಂದ ಎಳೆಯ ಆಂಗ್ಲ ಅಧಿಕಾರಿಯ ಮುಂದೆ ನರೆತ ಮೀಸೆಯ ಸುಬೇದಾರನು ಕೈಕಟ್ಟಿ ನಿಲ್ಲಬೇಕಾಗಿತ್ತು. ಮೊದಲನೆಯ ಮಹಾಯುದ್ಧದಲ್ಲಿ ಹದಿಮೂರು ಲಕ್ಷಕ್ಕೂ ಮಿಕ್ಕಿದ ಭಾರತೀಯರು ಸೇವೆ ಸಲ್ಲಿಸಿ, ಸುಮಾರು 74,000 ಜನರು ಮಡಿದ ಮೇಲೆ ಆಂಗ್ಲ ಸರಕಾರದ ಬಾಗಿಲು ಸ್ವಲ್ಪ ತೆರೆಯಿತು. ಇಂದೂರಿನಲ್ಲಿ ಕೆಲವರಿಗೆ ಅಧಿಕಾರಿಯ ಶಿಕ್ಷಣ ಕೊಟ್ಟರು. 1919ರಲ್ಲಿ ಅಲ್ಲಿಂದ ಹೊರಬಿದ್ದ ಮೊದಲ ತಂಡದಲ್ಲಿ ಇದೇ ಮನೆವೆಸರಿನ ಕೊಡಂದೇರ ಮಾದಪ್ಪ ಕಾರ್ಯಪ್ಪನವರಿದ್ದರು. ಆಮೇಲೆ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್ ಶಾಲೆಯಲ್ಲಿ ವರ್ಷಕ್ಕೆ ಹತ್ತು ಭಾರತೀಯರಿಗೆ ಸ್ಥಳವೆಂದರು. ಮೂವತ್ತು ಕೋಟಿ ಜನರಿಗೆ ಹತ್ತು ಸ್ಥಳ! ಅದರ ಮೇಲೆ ಎಂಟೇ ಎಂಟು ಪಲ್ಟಣಗಳನ್ನು ಗುರುತಿಸಿ, ಭಾರತೀಯ ಅಧಿಕಾರಿಗಳನ್ನು ಅವುಗಳಿಗೇ ಕಳುಹಿಸುವ ಕಟ್ಟಳೆ ಮಾಡಿದರು. ಕರಿಯ ಅಧಿಕಾರಿಯ ಕೈಕೆಳಗೆ ಬಿಳಿಯನು ದುಡಿಯುವ ಪ್ರಸಂಗ ಬರಬಾರದೆಂಬುದೇ ಅದರ ಒಳಮರ್ಮ.

ಸುಬ್ಬಯ್ಯನವರದು ಕಾಫಿ ತೋಟಗಳುಳ್ಳ ಸ್ಥಿತಿವಂತ ಮನೆ. ತಾಯಿ ಸೀತಮ್ಮನವರು ವಿದ್ಯಾವತಿಯರು; ಲೋಕಸೇವೆಗಾಗಿ ಸರಕಾರದಿಂದ ಕೈಸರ್-ಇ-ಹಿಂದ್ ಪದಕವನ್ನು ಪಡೆದವರು. ಆರು ಮಕ್ಕಳಲ್ಲಿ ಮೂವರು ಗಂಡುಮಕ್ಕಳು: ಹಿರಿಯ ಪೊನ್ನಪ್ಪ, ಆಮೇಲೆ ತಿಮ್ಮಯ್ಯ, ಕಿರಿಯ ಸೋಮಯ್ಯ. ತಿಮ್ಮಯ್ಯನವರು 1906ರ ಮಾರ್ಚ್ 31ರಂದು ಮಡಿಕೇರಿಯಲ್ಲಿ ಹುಟ್ಟಿದರು. ಕೂನೂರಿನಲ್ಲಿಯೂ ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿಯೂ ಕಲಿತು, 1922ರಲ್ಲಿ ತೆರೆದ ಡೆಹರಾಡೂನಿನ ಸೈನಿಕ ವಿದ್ಯಾಲಯವನ್ನು ಸೇರಿ, ಅಲ್ಲಿಂದ ಸ್ಯಾಂಡ್‌ಹರ್ಸ್ಟಿಗೆ ಹೋಗಿ 1926ರಲ್ಲಿ ಅಧಿಕಾರಿಯಾದರು. ಅವರಿಗೆ ದೊರೆತ ಪಲ್ಟಣವು ಹತ್ತೊಂಬತ್ತನೆಯ ಹೈದರಾಬಾದ್ ರೆಜಿಮೆಂಟಿನ ನಾಲ್ಕನೆಯ ಪಲ್ಟಣ. ಅದು ಮೇಲೆ ಹೇಳಿದ ಎಂಟರಲ್ಲಿ ಒಂದು.

ಇಲ್ಲಿಂದಲೇ ಈ ಮನೆಯ ಧರ್ಮಸಂಕಟವು ಮೊದಲಾಗುವದು. ಹೊರಗೆ ದೇಶವೆಲ್ಲ ಸ್ವರಾಜ್ಯಕ್ಕಾಗಿ ಎದ್ದಿದೆ. ಖಾದಿ ತೊಟ್ಟ ತರುಣರು ಸೆರೆಮನೆಗಳನ್ನು ತುಂಬುತ್ತಿದ್ದಾರೆ. ಒಳಗೆ ಇವರು ಚಕ್ರವರ್ತಿಯ ಸಮವಸ್ತ್ರದಲ್ಲಿ ನಿಂತಿದ್ದಾರೆ. ಅಲಹಾಬಾದಿನಲ್ಲಿದ್ದಾಗ ತಿಮ್ಮಯ್ಯನವರಿಗೆ ಪಂಡಿತ ಮೋತೀಲಾಲ ನೆಹರೂ ಅವರ ಪರಿಚಯವಾಯಿತು. ಸೈನ್ಯಕ್ಕೆ ರಾಜೀನಾಮೆ ಕೊಟ್ಟು ಚಳುವಳಿಗೆ ಬರಬೇಕೇ ಎಂದು ಈ ತರುಣ ಅಧಿಕಾರಿಗಳು ಆ ಹಿರಿಯರನ್ನು ಕೇಳಿದರೆಂದೂ, ಬೇಡ, ನಾಳೆ ಸ್ವತಂತ್ರವಾಗುವ ದೇಶಕ್ಕೆ ಪಳಗಿದ ಸೇನಾಧಿಕಾರಿಗಳು ಬೇಕಾಗುವರು, ಇದ್ದಲ್ಲಿಯೇ ಇದ್ದು ಕಲಿಯಿರಿ ಎಂದು ಮೋತೀಲಾಲರು ಬುದ್ಧಿ ಹೇಳಿದರೆಂದೂ ಪ್ರಸಿದ್ಧವಾಗಿದೆ. ಈ ಮಾತನ್ನು ಹೇಳಿದವರು ಸರಕಾರದ ಹೊಗಳುಭಟರಲ್ಲವೆಂಬುದನ್ನು ತಾವು ಗಮನಿಸಬೇಕು. ಎರಡು ಸಲ ಕಾಂಗ್ರೆಸ್ಸಿನ ಅಧ್ಯಕ್ಷರಾಗಿ, ಸೆರೆಮನೆಯ ವಾಸವನ್ನು ಅನುಭವಿಸಿದ ಪುರುಷರು ಅವರು. ದಾಸ್ಯದ ಶಾಲೆಯಲ್ಲಿಯೇ ಸ್ವಾತಂತ್ರ್ಯದ ವಿದ್ಯೆಯನ್ನು ಕಲಿಯುವ ದಾರಿಯೊಂದು ಉಂಟೆಂದು ಅವರು ಕಂಡರು. ತಿಮ್ಮಯ್ಯನವರು ಆ ದಾರಿಯನ್ನು ಹಿಡಿದರು.

ಎರಡನೆಯ ಮಹಾಯುದ್ಧವು ಬಂದಿತು. ತಿಮ್ಮಯ್ಯನವರ ಪಲ್ಟಣವನ್ನು ಸಿಂಗಾಪುರಕ್ಕೆ ಕಳುಹಿಸಿದ್ದರು. ಜಪಾನೀಯರು ಮಲಯದ ಮೇಲೆ ಬೀಳುವ ಮುನ್ನವೇ ತಿಮ್ಮಯ್ಯನವರು ವರ್ಗವನ್ನು ಪಡೆದು ಭಾರತಕ್ಕೆ ಮರಳಿದರು. ಪಲ್ಟಣವು ಅಲ್ಲಿಯೇ ಉಳಿಯಿತು. 1942ರ ಜನವರಿ 7ರಂದು ಸ್ಲಿಮ್ ನದಿಯ ದಾರಿಯಲ್ಲಿ ಜಪಾನೀಯರ ಟ್ಯಾಂಕುಗಳು ರಾತ್ರಿಯ ಕತ್ತಲೆಯಲ್ಲಿ ನುಗ್ಗಿದಾಗ ಆ ಪಲ್ಟಣವು ಛಿನ್ನಭಿನ್ನವಾಯಿತು. ಫೆಬ್ರುವರಿ 15ರಂದು ಸಿಂಗಾಪುರವು ಬಿದ್ದಿತು. ಒಂದು ವರ್ಗದ ಹುಕುಮು ಹಿಂದುಮುಂದಾಗಿದ್ದರೆ ತಿಮ್ಮಯ್ಯನವರೂ ಆ ಸೆರೆಯಾಳುಗಳ ಸಾಲಿನಲ್ಲಿ ನಿಲ್ಲಬೇಕಾಗುತ್ತಿತ್ತು.

ಆ ಸೆರೆಯಾಳುಗಳ ಅವಸ್ಥೆಯನ್ನು ಒಂದು ಕ್ಷಣ ಮನಸ್ಸಿಗೆ ತಂದುಕೊಳ್ಳೋಣ. ಫೆಬ್ರುವರಿ 17ರಂದು ಸಿಂಗಾಪುರದ ಫ್ಯಾರರ್ ಪಾರ್ಕಿನ ಬಯಲಿನಲ್ಲಿ ಭಾರತೀಯ ಸಿಪಾಯಿಗಳನ್ನು ಸೇರಿಸಿದರು. ಅವರ ಸಂಖ್ಯೆ ನಲವತ್ತು ಸಾವಿರಕ್ಕೂ ಹೆಚ್ಚು. ಆಂಗ್ಲ ಅಧಿಕಾರಿಯೊಬ್ಬನು ಎದ್ದು ನಿಂತು ಇವರನ್ನು ಜಪಾನೀಯರಿಗೆ ಒಪ್ಪಿಸಿ ಹೊರಟುಹೋದನು. ತಾವು ಯಾರಿಗಾಗಿ ಕಾದಿದ್ದರೋ ಅವರು ಹೀಗೆ ಕೈಬಿಟ್ಟ ಮೇಲೆ, ಕ್ಯಾಪ್ಟನ್ ಮೋಹನಸಿಂಗರು ಅದೇ ಬಯಲಿನಲ್ಲಿ ಸ್ವಾತಂತ್ರ್ಯಸೇನೆಯ ಮಾತನ್ನು ಎತ್ತಿದರು. ಸಾವಿರಾರು ಜನರು ಕೈ ಎತ್ತಿದರು. ಸಾವಿರಾರು ಜನರು ಎತ್ತಲಿಲ್ಲ. ಉಣ್ಣಿಸಿದ ಉಪ್ಪಿಗೆ ಕೊಟ್ಟ ಮಾತನ್ನು ಮುರಿಯಲಾರೆವೆಂದರು. ಹೀಗೆ ಒಲ್ಲೆನೆಂದವರಲ್ಲಿ ಅನೇಕರನ್ನು ಜಪಾನೀಯರು ನ್ಯೂಗಿನಿಯಂಥ ದೂರದ ದ್ವೀಪಗಳಿಗೆ ಹಡಗಿನಲ್ಲಿ ತುಂಬಿ ಒಯ್ದು, ಕೂಲಿ ಮಾಡಿಸಿ, ಹಸಿವಿನಿಂದಲೂ ರೋಗದಿಂದಲೂ ಕೊಂದರು. ಒಂದು ಕಡೆಗೆ ಪ್ರತಿಜ್ಞಾಭಂಗದ ಭಯ; ಇನ್ನೊಂದು ಕಡೆಗೆ ತಾಯ್ನಾಡಿನ ಕರೆ. ಸುಖದ ದಾರಿ ಎರಡೂ ಕಡೆಗೆ ಇರಲಿಲ್ಲ. ಇದನ್ನು ಅರಿಯದೆ ಅವರಲ್ಲಿ ಒಬ್ಬರನ್ನು ದ್ರೋಹಿಯೆಂದೂ ಮತ್ತೊಬ್ಬರನ್ನು ಗುಲಾಮನೆಂದೂ ಬೈಯುವದು ಬೆಚ್ಚಗಿನ ಕೋಣೆಯಲ್ಲಿ ಕುಳಿತವರ ಚಟವಲ್ಲದೆ ಬೇರೆಯಲ್ಲ.

ಮೊದಲನೆಯ ಆ ಸೇನೆಯು ಜಪಾನೀಯರೊಡನೆ ಜಗಳವಾಗಿ 1942ರ ಡಿಸೆಂಬರಿನಲ್ಲಿ ಚದುರಿತು. 1943ರ ಜುಲೈಯಲ್ಲಿ ನೇತಾಜಿಯವರು ಸಿಂಗಾಪುರದಲ್ಲಿ ಅದರ ನೇತೃತ್ವವನ್ನು ವಹಿಸಿಕೊಂಡು ಹೊಸ ಜೀವವನ್ನು ತುಂಬಿದರು. ಅಕ್ಟೋಬರ್ 21ರಂದು ಸ್ವತಂತ್ರ ಭಾರತದ ತಾತ್ಪೂರ್ತಿಕ ಸರಕಾರವನ್ನು ಘೋಷಿಸಿದರು. ಈ ಸೇನೆಯನ್ನು ಸೇರಿದ ಅಧಿಕಾರಿಗಳಲ್ಲಿ ತಿಮ್ಮಯ್ಯನವರ ಅಣ್ಣ ಪೊನ್ನಪ್ಪನವರೂ ಒಬ್ಬರು. ಅಣ್ಣನು ಆಂಗ್ಲರನ್ನು ಭಾರತದಿಂದ ಓಡಿಸುವ ಸೇನೆಯಲ್ಲಿ. ತಮ್ಮನು ಆಂಗ್ಲರ ಸೈನ್ಯದಲ್ಲಿ. ಕುರುಕ್ಷೇತ್ರದ ಕಥೆಯನ್ನು ನಾವು ಪುರಾಣಿಕರ ಬಾಯಿಂದ ಕೇಳಿ ಕಣ್ಣೀರು ಸುರಿಸಿದ್ದೇವೆ. ಅಂಥದೇ ಪ್ರಸಂಗವು ಮಡಿಕೇರಿಯ ಒಂದು ಮನೆಯಲ್ಲಿ ನಡೆಯಿತು.

1944ರಲ್ಲಿ ಆಜಾದ್ ಹಿಂದ್ ಸೇನೆಯ ತುಕಡಿಗಳು ಇಂಫಾಳದ ಕಡೆಗೆ ನಡೆದವು. ಅದರ ಒಂದು ಪಲ್ಟಣವು ಆರಾಕಾನದ ಕಲದಾನ ನದಿಯ ಕಣಿವೆಯಲ್ಲಿ ಹೋರಾಡುತ್ತ ಮೌಡೋಕಿನವರೆಗೆ ಬಂದಿತು. ಅದೇ ಆರಾಕಾನ ರಣರಂಗಕ್ಕೆ ತಿಮ್ಮಯ್ಯನವರಿದ್ದ ಇಪ್ಪತ್ತೈದನೆಯ ಭಾರತೀಯ ಡಿವಿಜನ್ನೂ ಹೋಗಿತ್ತು. ಸ್ವಲ್ಪ ಕಾಲದಲ್ಲಿ ತಿಮ್ಮಯ್ಯನವರು ಹೈದರಾಬಾದ್ ರೆಜಿಮೆಂಟಿನ ಎಂಟನೆಯ ಪಲ್ಟಣದ ಮುಖ್ಯಸ್ಥರಾದರು. 1945ರ ಜನವರಿಯಲ್ಲಿ ಕಂಗಾವ್ ಎಂಬಲ್ಲಿ ಜಪಾನೀಯರ ಹಿಂದೆಗೆಯುವ ದಾರಿಯನ್ನು ಕಟ್ಟಲು ಘೋರವಾದ ಕದನವು ನಡೆಯಿತು. ಕೆಸರು ತುಂಬಿದ ಹಳ್ಳಗಳು, ಕಾಂಡ್ಲಾ ಕಾಡುಗಳು, ಕಡಿದಾದ ಗುಡ್ಡಗಳು. ಒಂದೊಂದು ಗುಡ್ಡವನ್ನೂ ಕೈಕೈ ಮಿಲಾಯಿಸಿ ಗೆಲ್ಲಬೇಕಾಯಿತು. ಐವತ್ತೊಂದನೆಯ ಬ್ರಿಗೇಡಿನ ಮೂರು ಪಲ್ಟಣಗಳಿಗೂ ಅಲ್ಲಿ ಭಾರತೀಯರೇ ಮುಖ್ಯಸ್ಥರಾಗಿದ್ದರು: ಬಲೂಚ್ ಪಲ್ಟಣಕ್ಕೆ ವಂಗೀಯರಾದ ಎಲ್. ಪಿ. ಸೇನ್, ಪಂಜಾಬ್ ಪಲ್ಟಣಕ್ಕೆ ಕೊಲ್ಹಾಪುರ ಸೀಮೆಯ ಎಸ್. ಪಿ. ಪಿ. ಥೋರಾತ್, ಹೈದರಾಬಾದ್ ಪಲ್ಟಣಕ್ಕೆ ಕೊಡಗಿನ ತಿಮ್ಮಯ್ಯ. ಮೂವರಿಗೂ ಆ ಕದನದ ನಿಮಿತ್ತ ಡಿ. ಎಸ್. ಓ. ಪದಕವು ದೊರೆಯಿತು. ಭಾರತೀಯರು ಸಿಪಾಯಿಗಳಾಗಿ ಒಳ್ಳೆಯವರು, ನಾಯಕರಾಗಲು ಅಯೋಗ್ಯರು ಎಂಬ ಇನ್ನೂರು ವರ್ಷಗಳ ಸುಳ್ಳು ಕಂಗಾವಿನ ಕೆಸರಿನಲ್ಲಿ ಹೂಳಿಹೋಯಿತು. ಅದೇ ವರ್ಷ ಮೂವತ್ತಾರನೆಯ ಬ್ರಿಗೇಡನ್ನು ವಹಿಸಿಕೊಂಡು, ರಣರಂಗದಲ್ಲಿ ಬ್ರಿಗೇಡನ್ನು ನಡೆಸಿದ ಮೊದಲ ಭಾರತೀಯರು ತಿಮ್ಮಯ್ಯನವರಾದರು.

1945ರ ಸಪ್ಟೆಂಬರ್ 12ರಂದು ಸಿಂಗಾಪುರದ ಪುರಸಭೆಯ ಭವನದಲ್ಲಿ ಜಪಾನೀಯರು ಶರಣಾಗತಿಯ ಪತ್ರಕ್ಕೆ ರುಜು ಹಾಕಿದರು. ಗೆದ್ದವರ ಸಾಲಿನಲ್ಲಿ ಭಾರತದ ಪರವಾಗಿ ಕುಳಿತವರು ಬ್ರಿಗೇಡಿಯರ್ ತಿಮ್ಮಯ್ಯನವರು. ತಮ್ಮ ಹಳೆಯ ಪಲ್ಟಣವು ಸೆರೆಸಿಕ್ಕ ನಾಡು ಅದು. ಅಣ್ಣನು ಸೇರಿದ ಸೇನೆಗೆ ನೇತಾಜಿಯವರು ಜೀವ ತುಂಬಿದ ಊರೂ ಅದು. ಎರಡು ತಿಂಗಳೊಳಗಾಗಿ, ದಿಲ್ಲಿಯ ಕೆಂಪುಕೋಟೆಯಲ್ಲಿ ಆಜಾದ್ ಹಿಂದ್ ಸೇನೆಯ ಅಧಿಕಾರಿಗಳ ವಿಚಾರಣೆಯು ಮೊದಲಾಯಿತು. ಷಹನವಾಜ್ ಖಾನ್, ಸಹಗಲ್, ಧಿಲ್ಲೋನ್ ಎಂಬ ಮೂವರು, ಅಂದರೆ ಒಬ್ಬ ಮುಸಲ್ಮಾನ, ಒಬ್ಬ ಹಿಂದೂ, ಒಬ್ಬ ಸಿಖ್ಖ, ಕಟಕಟೆಯಲ್ಲಿ ನಿಂತರು. ದಾಸ್ಯದಲ್ಲಿರುವ ಜನಾಂಗಕ್ಕೆ ತನ್ನ ಬಿಡುಗಡೆಗಾಗಿ ಯುದ್ಧ ಹೂಡುವ ಹಕ್ಕುಂಟೆಂದು ಭೂಲಾಭಾಯಿ ದೇಸಾಯಿಯವರು ವಾದಿಸಿದರು. ನ್ಯಾಯಾಲಯವು ಆಜನ್ಮ ಗಡೀಪಾರಿನ ಶಿಕ್ಷೆಯನ್ನು ಹೇಳಿತು. ದೇಶವು ಬೇರೆ ತೀರ್ಪನ್ನು ಹೇಳಿತು. 1946ರ ಜನವರಿಯಲ್ಲಿ ದಂಡನಾಯಕ ಆಕಿನ್‌ಲೆಕ್ ಆ ಶಿಕ್ಷೆಯನ್ನು ಕೈಬಿಡಬೇಕಾಯಿತು. ಮುಂದಿನ ತಿಂಗಳು ಮುಂಬಯಿಯಲ್ಲಿ ನೌಕಾಸೈನಿಕರೇ ದಂಗೆಯೆದ್ದರು. ಭಾರತೀಯ ಸೈನಿಕನ ನಿಷ್ಠೆಯನ್ನು ಇನ್ನು ನಂಬುವಂತಿಲ್ಲವೆಂದು ಆಂಗ್ಲರಿಗೆ ಮನವರಿಕೆಯಾಯಿತು.

ಈಗ ನಮ್ಮ ಪ್ರಶ್ನೆಗೆ ಬರೋಣ. ಅಣ್ಣನು ದೇಶಭಕ್ತನೋ, ತಮ್ಮನು ದೇಶಭಕ್ತನೋ? ಆಂಗ್ಲರು ಹೊರಡುವ ದಿವಸವು ಹತ್ತಿರ ಬಂದುದರಲ್ಲಿ ಅಣ್ಣನು ನಿಂತ ಪಕ್ಷದ ಪಾಲು ಇದ್ದೇ ಇದೆ. ಅವರು ಹೊರಟ ಮೇಲೆ ಮನೆಯನ್ನು ಕಾಯುವವರು ಯಾರು ಎಂಬುದಕ್ಕೆ ಉತ್ತರವಾಗಿ ತಮ್ಮನು ನಿಂತಿದ್ದನು. ಬಾಗಿಲನ್ನು ಮುರಿದವನೂ ಬೇಕು, ಮುರಿದ ಬಾಗಿಲನ್ನು ಕಟ್ಟಿ ಕಾಯುವವನೂ ಬೇಕು. ಒಬ್ಬನ ಕೆಲಸವು 1945ರಲ್ಲಿ ಸೋತಂತೆ ತೋರಿ ಗೆದ್ದಿತು; ಇನ್ನೊಬ್ಬನ ಕೆಲಸವು ಪರರಿಗಾಗಿ ಮಾಡಿದಂತೆ ತೋರಿ ನಮಗಾಗಿಯೇ ಉಳಿಯಿತು.

ಆ ಕಾಯುವ ಕೆಲಸವು ಬಹು ಬೇಗನೆ ಬಂದಿತು. 1947ರ ವಿಭಜನೆಯ ಬೆಂಕಿಯಲ್ಲಿ ತಿಮ್ಮಯ್ಯನವರು ಪಂಜಾಬಿನ ಗಡಿಸೇನೆಯ ಸಲಹೆಗಾರರಾಗಿ ದುಡಿದರು. 1948ರಲ್ಲಿ ಕಾಶ್ಮೀರದ ಡಿವಿಜನ್ನನ್ನು ವಹಿಸಿಕೊಂಡರು. ಲೇಹ ಪಟ್ಟಣವು ಶತ್ರುಗಳಿಂದ ಸುತ್ತುವರಿಯಲ್ಪಡುವದರಲ್ಲಿತ್ತು. ಮೇ 24ರಂದು ವಾಯುದಳದ ಮೆಹರಸಿಂಗರು ಹಿಮಪರ್ವತಗಳ ಮೇಲೆ ವಿಮಾನವನ್ನು ಹಾರಿಸಿ, ಸಿಂಧೂ ನದಿಯ ಮರಳದಂಡೆಯಲ್ಲಿ ಸಿದ್ಧಪಡಿಸಿದ ಪಟ್ಟಿಯ ಮೇಲೆ ಇಳಿಸಿದಾಗ ಆ ವಿಮಾನದಲ್ಲಿ ತಿಮ್ಮಯ್ಯನವರೂ ಇದ್ದರು. ಆದರೆ ಲೇಹದ ದಾರಿಯು ಜೋಜಿಲಾ ಕಣಿವೆಯಲ್ಲಿ ಕಟ್ಟಿಹೋಗಿತ್ತು. ಹನ್ನೊಂದು ಸಾವಿರ ಅಡಿಗಳಿಗೂ ಮಿಕ್ಕಿದ ಎತ್ತರ. ಬಂಡೆಗಳ ಗುಹೆಗಳಲ್ಲಿ ಶತ್ರುವಿನ ತುಪಾಕಿಗಳು. ಸಪ್ಟೆಂಬರಿನ ದಾಳಿಯು ವಿಫಲವಾಯಿತು. ಆಗ ಏಳನೆಯ ಕ್ಯಾವಲ್ರಿಯ ಹಗುರವಾದ ಟ್ಯಾಂಕುಗಳನ್ನು ಗುಟ್ಟಾಗಿ ಪರ್ವತದ ಬುಡಕ್ಕೆ ತಂದು, ಹೇಸರಗತ್ತೆಗಳ ಹಾದಿಯನ್ನು ಅಗಲಿಸಿ, ನವೆಂಬರ್ 1ರಂದು ಹಿಮದ ನಡುವೆ ಮೇಲಕ್ಕೆ ಹತ್ತಿಸಿದರು. ಅಷ್ಟು ಎತ್ತರದಲ್ಲಿ ಟ್ಯಾಂಕು ಬಂದೀತೆಂದು ಶತ್ರುವು ಕನಸಿನಲ್ಲಿಯೂ ಎಣಿಸಿರಲಿಲ್ಲ. ಡಿವಿಜನ್ನಿನ ಸೇನಾಪತಿಗಳು ಹಿಂದೆ ಉಳಿಯದೆ ಮುಂಚೂಣಿಯ ಟ್ಯಾಂಕಿನಲ್ಲಿ ತಾವೇ ಇದ್ದರು. ಅದೇ ತಿಂಗಳಿನಲ್ಲಿ ದ್ರಾಸ, ಕಾರ್ಗಿಲಗಳು ಕೈಸೇರಿ ಲೇಹದ ದಾರಿಯು ತೆರೆಯಿತು.

ಆ ಕಾಶ್ಮೀರದ ಯುದ್ಧದಲ್ಲಿಯೇ ಕಿರಿಯ ತಮ್ಮ ಸೋಮಯ್ಯನವರು ನೆಲಸಿಡಿಗೆ ಬಲಿಯಾದರು. ವಿಜಯದ ಸುದ್ದಿಯನ್ನು ಪತ್ರಿಕೆಗಳು ದೊಡ್ಡಕ್ಷರಗಳಲ್ಲಿ ಅಚ್ಚಿಸುವವು. ನೆಲಸಿಡಿಗೆ ಸತ್ತ ಅಧಿಕಾರಿಯ ಹೆಸರು ಒಂದು ಸಾಲಿನಲ್ಲಿ ಮುಗಿಯುವದು. ಆದರೆ ಮನೆಯ ಲೆಕ್ಕವು ಹಾಗಲ್ಲ. ಮನೆಯ ಲೆಕ್ಕದಲ್ಲಿ ಜೋಜಿಲಾದ ಪಕ್ಕದಲ್ಲಿಯೇ ಸೋಮಯ್ಯನ ಹೆಸರು ಬರೆದಿರುತ್ತದೆ. ಒಂದನ್ನು ಓದಿದವನು ಇನ್ನೊಂದನ್ನು ಬಿಟ್ಟು ಮುಂದೆ ಹೋಗಲಾರನು.

ಕಾಶ್ಮೀರದ ಆ ಕಾಲದಲ್ಲಿ ಪಶ್ಚಿಮ ವಿಭಾಗದ ಮಹಾದಂಡನಾಯಕರಾಗಿ ತಿಮ್ಮಯ್ಯನವರ ಮೇಲಧಿಕಾರಿಗಳಾಗಿದ್ದವರು ಮೊದಲು ಹೇಳಿದ ಕಾರ್ಯಪ್ಪನವರೇ. 1933ರಲ್ಲಿ ಕ್ವೆಟ್ಟಾದ ಸ್ಟಾಫ್ ಕಾಲೇಜನ್ನು ಸೇರಿದ ಮೊದಲ ಭಾರತೀಯರು, 1942ರಲ್ಲಿ ಪಲ್ಟಣವೊಂದರ ಮುಖ್ಯಸ್ಥರಾದ ಮೊದಲ ಭಾರತೀಯರು ಅವರು. 1949ರ ಜನವರಿ 15ರಂದು ಆಂಗ್ಲ ಸೇನಾಪತಿಯ ಕೈಯಿಂದ ಅಧಿಕಾರವನ್ನು ಸ್ವೀಕರಿಸಿ ಭಾರತದ ಸೈನ್ಯಕ್ಕೆ ಮೊದಲ ಭಾರತೀಯ ಮಹಾದಂಡನಾಯಕರಾದರು. ಆ ದಿವಸವನ್ನೇ ಇಂದಿಗೂ ಸೇನಾದಿನವೆಂದು ಆಚರಿಸುವದು. 1965ರ ಯುದ್ಧದಲ್ಲಿ ಅವರ ಮಗನು ವಾಯುದಳದ ವೈಮಾನಿಕನಾಗಿ ಹೋರಾಡುವಾಗ ವಿಮಾನವು ಉರುಳಿ ಪಾಕಿಸ್ತಾನದಲ್ಲಿ ಸೆರೆಸಿಕ್ಕನು. ಪಾಕಿಸ್ತಾನದ ಅಧ್ಯಕ್ಷ ಅಯೂಬಖಾನರು ಅವಿಭಕ್ತ ಸೈನ್ಯದಲ್ಲಿ ಕಾರ್ಯಪ್ಪನವರೊಡನೆ ಇದ್ದವರು; ಮಗನ ವಿಷಯದಲ್ಲಿ ವಿಶೇಷ ದಾಕ್ಷಿಣ್ಯವನ್ನು ತೋರಲು ಸಿದ್ಧರಾದರು. ಎಲ್ಲ ಸೆರೆಯಾಳುಗಳೂ ತಮ್ಮ ಮಕ್ಕಳೇ, ಒಬ್ಬನಿಗೆ ಮಾತ್ರ ದಯೆ ಬೇಡವೆಂದು ಕಾರ್ಯಪ್ಪನವರು ಅದನ್ನು ನಿರಾಕರಿಸಿದರು. ಮನೆತನದ ಅಭಿಮಾನವು ಎಲ್ಲಿ ಮುಗಿಯಬೇಕು, ದೇಶದ ಅಭಿಮಾನವು ಎಲ್ಲಿ ಮೊದಲಾಗಬೇಕು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪಾಠವು ಬೇಕೇ?

ತಿಮ್ಮಯ್ಯನವರ ಜೀವನದಲ್ಲಿ ಇನ್ನೊಂದು ಪ್ರಕರಣವಿದೆ. ಅದನ್ನು ಅಣ್ಣನ ಕಥೆಯೊಡನೆ ಜೋಡಿಸಿ ಓದಬೇಕು. 1953ರಲ್ಲಿ ಕೊರಿಯಾದ ಯುದ್ಧವು ನಿಂತಿತು. ಸೆರೆಯಾಳುಗಳಲ್ಲಿ ಸುಮಾರು 22,600 ಚೀನೀಯರೂ ಕೊರಿಯಾದವರೂ ತಮ್ಮ ನಾಡಿಗೆ ಮರಳಲಾರೆವೆಂದರು; ಎದುರು ಪಕ್ಷದಲ್ಲಿಯೂ 359 ಜನರು ಹಾಗೆಯೇ ಎಂದರು. ಇವರಲ್ಲಿ ಒಬ್ಬೊಬ್ಬನ ಮನಸ್ಸನ್ನೂ ಬಲಾತ್ಕಾರವಿಲ್ಲದೆ ತಿಳಿಯುವ ಕೆಲಸವನ್ನು ಐದು ತಟಸ್ಥ ರಾಷ್ಟ್ರಗಳ ಮಂಡಲಿಗೆ ಒಪ್ಪಿಸಿದರು. ಅದರ ಅಧ್ಯಕ್ಷರು ತಿಮ್ಮಯ್ಯನವರು. ಸೆರೆಯಾಳುಗಳನ್ನು ಕಾಯುವ ಭಾರತೀಯ ಸೇನೆಯ ಮುಖ್ಯಸ್ಥರು ಕಂಗಾವಿನ ಅದೇ ಥೋರಾತರು. ಒಂದು ಕಡೆಗೆ ಅಮೇರಿಕ, ಒಂದು ಕಡೆಗೆ ಚೀನ. ಎರಡೂ ಕಡೆಯಿಂದ ಬೈಗುಳ, ಬೆದರಿಕೆ. ನಡುವೆ ಮುಳ್ಳುತಂತಿಯೊಳಗೆ ನಿಂತ ಸೆರೆಯಾಳಿನ ಎದೆಯಲ್ಲಿ ಎರಡು ನಿಷ್ಠೆಗಳ ಜಗ್ಗಾಟ. ಸೆರೆಯಾಳು ಕೂಡ ಮನುಷ್ಯನು, ಅವನ ಆಯ್ಕೆಗೂ ಮಾನವಿದೆ ಎಂಬುದನ್ನು ಹೊರಗಿನವರು ಕಲಿಸಬೇಕಾದ ಅವಶ್ಯಕತೆ ಈ ಅಧ್ಯಕ್ಷರಿಗೆ ಇರಲಿಲ್ಲ. ಅದು ಅವರ ಸ್ವಂತ ಮನೆಯ ಕಥೆಯೇ ಆಗಿತ್ತು.

ಮುಂದಿನದನ್ನು ಸಂಕ್ಷೇಪವಾಗಿ ಹೇಳುತ್ತೇವೆ. ತಿಮ್ಮಯ್ಯನವರು 1957ರಿಂದ 1961ರವರೆಗೆ ಸೈನ್ಯದ ಮುಖ್ಯಸ್ಥರಾಗಿದ್ದರು. 1959ರಲ್ಲಿ ರಕ್ಷಣಾಮಂತ್ರಿ ಕೃಷ್ಣಮೆನನ್ನರೊಡನೆ ಭಿನ್ನಾಭಿಪ್ರಾಯವಾಗಿ ರಾಜೀನಾಮೆ ಕೊಟ್ಟರು. ಪ್ರಧಾನಮಂತ್ರಿ ನೆಹರೂ ಅವರ ಮಾತಿಗೆ ಕಟ್ಟುಬಿದ್ದು ಹಿಂದಕ್ಕೆ ತೆಗೆದುಕೊಂಡರು. 1964ರಲ್ಲಿ ಸೈಪ್ರಸ್ ದ್ವೀಪದ ವಿಶ್ವಸಂಸ್ಥೆಯ ಶಾಂತಿಸೇನೆಗೆ ಮುಖ್ಯಸ್ಥರಾಗಿ ಹೋದರು. 1965ರ ಡಿಸೆಂಬರ್ 18ರಂದು ಅಲ್ಲಿಯೇ ಹೃದಯಸ್ತಂಭನದಿಂದ ತೀರಿಕೊಂಡರು. ಆ ಪರದೇಶವು ಮರುವರ್ಷ ಅವರ ನೆನಪಿಗಾಗಿ ಅಂಚೆಚೀಟಿಯನ್ನು ಹೊರಡಿಸಿತು. ಅವರ ಬಾಲ್ಯದ ಮನೆಯಾದ ಮಡಿಕೇರಿಯ ಸನ್ನಿಸೈಡ್ 2021ರಲ್ಲಿ ಸಂಗ್ರಹಾಲಯವಾಯಿತು. ತಾವು ತಮ್ಮ ವಿದ್ಯಾರ್ಥಿಗಳನ್ನು ಕರೆದುಕೊಂಡು ಅಲ್ಲಿಗೆ ಹೋಗಿಬರಬೇಕೆಂದು ಬೇಡುತ್ತೇವೆ.

ಆದರೆ ಅಣ್ಣನಂಥವರ ಪಾಲಿಗೆ ಬಂದುದೇನು? ಸ್ವರಾಜ್ಯ ಬಂದ ಮೇಲೆಯೂ ಆಜಾದ್ ಹಿಂದ್ ಸೇನೆಯವರನ್ನು ಭಾರತದ ಸೈನ್ಯಕ್ಕೆ ಮರಳಿ ತೆಗೆದುಕೊಳ್ಳಲಿಲ್ಲ. ಸೈನ್ಯದ ಶಿಸ್ತಿಗೆ ಭಂಗ ಬರುವದೆಂಬುದು ಆಗಿನ ಕಾರಣ. ಕೇಂದ್ರ ಸರಕಾರವು ಸ್ವಾತಂತ್ರ್ಯ ಯೋಧರಿಗೆ ನಿವೃತ್ತಿವೇತನದ ಯೋಜನೆಯನ್ನು ತಂದುದು 1972ರಲ್ಲಿ. ಆ ಹೊತ್ತಿಗೆ ಎಷ್ಟೋ ಜನರು ಬಡತನದಲ್ಲಿಯೇ ಕಣ್ಮುಚ್ಚಿದ್ದರು. ರಂಗೂನಿನಿಂದ ಮರಳಿದವನ ಮನೆಯಲ್ಲಿ ಪೋಲೀಸರ ಭಯದಿಂದ ಕಾಗದಪತ್ರಗಳನ್ನು ಸುಟ್ಟರು. ಆಂಗ್ಲರ ಸೈನ್ಯದಲ್ಲಿದ್ದವನ ಮನೆಯಲ್ಲಿ ನಾಚಿಕೆಯಿಂದ ಪದಕಗಳನ್ನು ಪೆಟ್ಟಿಗೆಯ ತಳಕ್ಕೆ ಹಾಕಿದರು. ಹೀಗೆ ಎರಡೂ ಮನೆಗಳು ಮೂಕವಾದವು.

ಇವೆಲ್ಲ ತೋಟಗಳುಳ್ಳ ಶ್ರೀಮಂತರ, ದೊಡ್ಡ ಅಧಿಕಾರಿಗಳ ಕಥೆಯಾಯಿತು, ಬಡ ಸಿಪಾಯಿಯ ಮನೆಗೂ ಇದಕ್ಕೂ ಏನು ಸಂಬಂಧ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಎರಡನೆಯ ಮಹಾಯುದ್ಧದಲ್ಲಿ ಸುಮಾರು 25 ಲಕ್ಷ ಭಾರತೀಯರು ಸೈನ್ಯವನ್ನು ಸೇರಿದರು. ಸುಮಾರು 87,000 ಜನರು ಮಡಿದರು. ಅವರಲ್ಲಿ ಸ್ಯಾಂಡ್‌ಹರ್ಸ್ಟನ್ನು ಕಂಡವರು ಎಷ್ಟು ಜನ? ಬಹುಮಂದಿ ಮಳೆಯಾಗದ ಹೊಲವನ್ನು ಬಿಟ್ಟು, ತಿಂಗಳ ಪಗಾರವನ್ನು ನೆಚ್ಚಿ ಹೋದವರು. ಬೆಳಗಾವಿಯು 1922ರಿಂದ ಮರಾಠಾ ಪಲ್ಟಣಗಳ ಶಿಕ್ಷಣಕೇಂದ್ರವಾಗಿದೆ. ಅದರ ಸುತ್ತಲಿನ ಹಳ್ಳಿಗಳಲ್ಲಿ ಇಟಲಿ, ಆಫ್ರಿಕಗಳ ಹೆಸರನ್ನು ಹೊಲದ ಬದುಗಳ ಹೆಸರಿನಂತೆ ಆಡಿದ ಮುದುಕರಿದ್ದರು. ದೊಡ್ಡ ಮನೆಯ ಕಥೆಯನ್ನು ಪುಸ್ತಕಗಳು ಬರೆದಿಡುವವು. ಸಣ್ಣ ಮನೆಯ ಕಥೆಯನ್ನು ಬರೆಯುವವರು ತಾವು, ಆ ಊರಿನ ಶಿಕ್ಷಕರು. ತಮ್ಮ ಹೊರತು ಬೇರೆ ಯಾರೂ ಇಲ್ಲ.

ಆದುದರಿಂದ ನಮ್ಮ ಸೂಚನೆ ಇಷ್ಟೇ. ತಮ್ಮ ಶಾಲೆಯ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಮನೆತನದ ನಾಲ್ಕು ತಲೆಮಾರುಗಳ ಹೆಸರನ್ನು ಬರೆದು ತರಲಿ. ಗಂಡಸರ ಹೆಸರಿನೊಡನೆ ಹೆಂಗಸರ ಹೆಸರನ್ನೂ ತಪ್ಪದೆ ಬರೆಯಲಿ. ಸೈನ್ಯಕ್ಕೆ ಹೋದವರು ಯಾರು, ಯಾವ ಪಲ್ಟಣ, ಯಾವ ವರ್ಷ, ಏಕೆ ಹೋದರು, ಅವರು ಇಲ್ಲದಾಗ ಮನೆಯನ್ನು ನಡೆಸಿದವರು ಯಾರು ಎಂದು ಹಿರಿಯರನ್ನು ಕೇಳಲಿ. ಪದಕವಿದ್ದರೆ ಅದರ ಅಂಚಿನಲ್ಲಿ ಕೆತ್ತಿದ ನಂಬರು, ಹೆಸರುಗಳನ್ನು ಓದಲಿ. ಎಷ್ಟೋ ಪದಕಗಳ ಅಂಚಿನಲ್ಲಿ ಪಲ್ಟಣದ ಹೆಸರೂ ಇರುವದು. ಬಿಡುಗಡೆಯ ಚೀಟಿ, ನಿವೃತ್ತಿವೇತನದ ಪುಸ್ತಕ, ಹಳೆಯ ಕಾಗದಗಳನ್ನು ಎಸೆಯದೆ ನಕಲು ತೆಗೆದಿಡಲಿ. ಕೇಳಿದ ಮಾತನ್ನು ಕೇಳಿದ್ದೆಂದೂ, ಕಾಗದದಲ್ಲಿ ಕಂಡುದನ್ನು ಕಂಡುದೆಂದೂ ಬೇರೆ ಬೇರೆಯಾಗಿ ಬರೆಯಲಿ. ಎಲ್ಲಕ್ಕೂ ಮಿಗಿಲಾಗಿ, ಒಂದು ಪಕ್ಷದವನನ್ನು ಮೆರೆಯಿಸಿ ಇನ್ನೊಂದು ಪಕ್ಷದವನನ್ನು ಮರೆಯಿಸುವ ಕೆಲಸವನ್ನು ಮಾಡದಿರಲಿ. ಸೈನ್ಯದಿಂದ ಓಡಿಬಂದವನಿದ್ದರೆ ಅವನ ಹೆಸರೂ ಬರಲಿ. ಸತ್ಯವನ್ನು ತಾಳಲಾರದ ಮನೆತನವು ಕೀರ್ತಿಯನ್ನೂ ತಾಳಲಾರದು.

ಕೊಡಂದೇರ ಮನೆಯ ಮೂವರಲ್ಲಿ ಒಬ್ಬನ ಹೆಸರು ಬೀದಿಗಳಿಗೂ ಸಂಗ್ರಹಾಲಯಕ್ಕೂ ಬಂದಿತು. ಉಳಿದ ಇಬ್ಬರ ಹೆಸರು ಅವನ ಚರಿತ್ರೆಯ ಒಂದೊಂದು ಸಾಲಿನಲ್ಲಿ ಅಡಗಿದೆ. ತಿಮ್ಮಯ್ಯನನ್ನು ನೆನೆಯುವಾಗ ಪೊನ್ನಪ್ಪನನ್ನೂ ಸೋಮಯ್ಯನನ್ನೂ ನೆನೆಯುವದೇ ನ್ಯಾಯ. ಮೂರು ದಾರಿಗಳಲ್ಲಿ ದೇಶಭಕ್ತಿಯ ದಾರಿ ಯಾವುದೆಂದು ಮೊದಲಲ್ಲಿ ಕೇಳಿದೆವು. ಮೂವರೂ ತಮ್ಮ ಕಾಲವು ಒಡ್ಡಿದ ಪ್ರಶ್ನೆಗೆ ತಮ್ಮ ಪ್ರಾಣವನ್ನೇ ಪಣವಾಗಿಟ್ಟು ಉತ್ತರ ಕೊಟ್ಟರು. ಆ ಮೂರು ಉತ್ತರಗಳನ್ನೂ ಕೂಡಿಸಿದಾಗ ದೊರೆತುದು ಸ್ವತಂತ್ರ ಭಾರತ. ಇಂಥ ಮನೆಗಳು ತಮ್ಮ ತಮ್ಮ ಊರುಗಳಲ್ಲಿಯೂ ಇವೆ. ನೆನಪುಳ್ಳ ಹಿರಿಯರು ದಿನದಿನಕ್ಕೆ ಕಡಿಮೆಯಾಗುತ್ತಿದ್ದಾರೆ. ಮುಂದಿನ ರಜೆಯವರೆಗೆ ಕಾಯದೆ, ನಾಳೆಯೇ ಒಂದು ಮನೆಯ ಬಾಗಿಲನ್ನು ತಟ್ಟಿರೆಂದು ವಿನಯದಿಂದ ಅರಿಕೆ ಮಾಡಿ ನಮ್ಮ ಮಾತುಗಳನ್ನು ಮುಗಿಸುತ್ತೇವೆ.